ಪಂಚಾಯ್ತಿ ಸಭೆಯಲ್ಲಿ ಎದ್ದು ಮಾತಾಡುವುದು ಹೇಗೆ: ಹೊಸ ಸದಸ್ಯೆಯರಿಗೆ, ದಾಕ್ಷಾಯಿಣಿಯಮ್ಮನನ್ನು ಮುಂದಿಟ್ಟುಕೊಂಡು

ಗೆದ್ದು ಬಂದ ಹೊಸ ಸದಸ್ಯೆಯರಿಗೆ, ಅದರಲ್ಲೂ 'ಎಸ್‌ಸಿ ಮಹಿಳೆ' ಅಂತ ಮೀಸಲಾದ ಸೀಟಿನಿಂದ ಬಂದವರಿಗೆ ಇದನ್ನು ಬರೆಯುತ್ತಿದ್ದೇನೆ. ಗಂಡಸರೂ ಓದಬಹುದು, ಬೇಡ ಅನ್ನಲ್ಲ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯಲ್ಲಿ ಮೊದಲು ಸದಸ್ಯೆ, ಆಮೇಲೆ ಅಧ್ಯಕ್ಷೆ ಆಗಿದ್ದವಳು. ಮನೆಯಲ್ಲಿ ತೆಲುಗು, ಸಭೆಯಲ್ಲಿ ಕನ್ನಡ, ಎಂಜಿನಿಯರ್ ಬಂದರೆ ಎಸ್ಟಿಮೇಟು ಇಂಗ್ಲಿಷಿನಲ್ಲಿ. ಈಗ ಅಧಿಕಾರ ಇಲ್ಲ. ಆದರೂ ಚುನಾವಣೆ ಮುಗಿದ ಮೇಲೆ ಅಕ್ಕಪಕ್ಕದ ಪಂಚಾಯ್ತಿಯ ಹುಡುಗಿಯರು ಮನೆಗೆ ಬರುತ್ತಾರೆ, "ಅಕ್ಕಾ, ಸೋಮವಾರ ಮೀಟಿಂಗ್ ಐತೆ, ಏನಂತ ಮಾತಾಡ್ಲಿ?" ಅಂತ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅವರಿಗೆ ನಾನು ಮೊದಲು ಹೇಳುವುದು ನರೇಗಾ ವಿಷಯವೂ ಅಲ್ಲ, ಹಣಕಾಸು ಆಯೋಗದ ದುಡ್ಡಿನ ಲೆಕ್ಕವೂ ಅಲ್ಲ. ದಾಕ್ಷಾಯಿಣಿ ವೇಲಾಯುಧನ್ ಅಂತ ಒಬ್ಬರು ಇದ್ದರು, ಅವರ ಕಥೆ ಕೇಳು ಅನ್ನುತ್ತೇನೆ. ಈ ದೇಶದ ಸಂವಿಧಾನ ಬರೆದ ಸಭೆಯಲ್ಲಿ ಹೆಂಗಸರು 15 ಜನ ಇದ್ದರು. ಅವರಲ್ಲಿ ದಲಿತ ಹೆಂಗಸು ಇವರೊಬ್ಬರೇ. ಮದ್ರಾಸ್ ಪ್ರಾಂತ್ಯದಿಂದ 1946ರಲ್ಲಿ ಆಯ್ಕೆಯಾಗಿ ದೆಹಲಿಗೆ ಹೋದಾಗ ವಯಸ್ಸು 34. ನಮ್ಮ ಕಡೆಯವರೂ ಆ ಸಭೆಯಲ್ಲಿದ್ದರು: ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು, ಟಿ. ಚನ್ನಯ್ಯನವರು. ಕೋಲಾರದಲ್ಲಿ ಸನ್ಮಾನ, ತರಬೇತಿ, ನಾಟಕ ಅಂತ ನಾವೆಲ್ಲ ಹೋಗಿ ಕೂರುವ ಚನ್ನಯ್ಯ ರಂಗಮಂದಿರ ಇದೆಯಲ್ಲ, ಅದೇ ಚನ್ನಯ್ಯನವರು. ಅಂಥವರ ನಡುವೆ ಎದ್ದು ನಿಂತ ದಾಕ್ಷಾಯಿಣಿಯಮ್ಮ ಆಡಿದ ಮಾತು ಇವತ್ತಿಗೂ ಅಚ್ಚಿನಲ್ಲಿದೆ. ಎದ್ದು ನಿಂತು ಆಡಿದ್ದರಿಂದ ಇದೆ, ಅದನ್ನು ಯಾರೋ ಬರೆದುಕೊಂಡಿದ್ದರಿಂದ ಇದೆ. ಸಭೆಯಲ್ಲಿ ನಿಮ್ಮ ಕೆಲಸ ಈ ಎರಡೇ. ಮಾತಾಡಬೇಕು, ಆಡಿದ್ದು ಪುಸ್ತಕದಲ್ಲಿ ಏರುವ ಹಾಗೆ ನೋಡಿಕೊಳ್ಳಬೇಕು.

ಅವರು ಎಲ್ಲಿಂದ ಬಂದರು ಅನ್ನುವುದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ "ಅವರೆಲ್ಲ ಓದಿದ ದೊಡ್ಡೋರು ಬಿಡಕ್ಕಾ" ಅನ್ನುತ್ತೀರಿ. ಕೊಚ್ಚಿ ಸಂಸ್ಥಾನದ ಮುಳವುಕಾಡ್ ಅನ್ನುವ ದ್ವೀಪದಲ್ಲಿ 1912ರಲ್ಲಿ ಹುಟ್ಟಿದವರು, ಪುಲಯ ಜಾತಿ. ಗದ್ದೆ ಕೂಲಿಯ ಜನ. ಪುಲಯರು ಮೇಲ್ಜಾತಿಯವರಿಂದ ಇಷ್ಟು ದೂರ ನಿಲ್ಲಬೇಕು ಅಂತ ಲೆಕ್ಕ ಇದ್ದ ಸೀಮೆ ಅದು. ಹೆಣ್ಣುಮಕ್ಕಳು ಮೈಮೇಲೆ ಬಟ್ಟೆ ಹಾಕುವುದಕ್ಕೂ ಕಟ್ಟುಪಾಡು. ಅವರು ಹುಟ್ಟಿದ ಮರುವರ್ಷ, 1913ರಲ್ಲಿ, ಪುಲಯರು ಸಂಘ ಕಟ್ಟಲು ಸೇರಬೇಕಾಯಿತು. ನೆಲದ ಮೇಲೆ ಸಭೆ ಮಾಡಲು ಯಾರೂ ಜಾಗ ಕೊಡುವುದಿಲ್ಲ. ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ನೀರಿನ ಮೇಲೆ ಸಭೆ ಮಾಡಿದರು. ಅವರ ಮನೆಯ ಹಿರಿಯರು ಆ ಹೋರಾಟದಲ್ಲಿದ್ದವರು. ಹುಡುಗಿ ಬೆಳೆದು ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದಾಗ ಮೇಷ್ಟ್ರು ಪ್ರಯೋಗ ತೋರಿಸುತ್ತಿರಲಿಲ್ಲ. ದೂರ ನಿಂತು, ನೋಡಿ ನೋಡಿಯೇ ಕಲಿತು 1935ರಲ್ಲಿ ಡಿಗ್ರಿ ಮುಗಿಸಿದರು. ದೇಶದಲ್ಲೇ ಪದವಿ ಪಡೆದ ಮೊದಲ ದಲಿತ ಹೆಂಗಸು. ನಮ್ಮ ಪಂಚಾಯ್ತಿ ಹಾಲ್‌ನಲ್ಲಿ ಕನಿಷ್ಠ ಕುರ್ಚಿ ಹಾಕಿರುತ್ತಾರಲ್ಲ, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು.

ಈಗ ಕೆಲಸಕ್ಕೆ ಬರೋಣ.

ನೋಟಿಸ್‌ನಿಂದ ಶುರು. ಸಾಮಾನ್ಯ ಸಭೆಗೆ ಪೂರ್ತಿ 7 ದಿನ ಮುಂಚೆ, ವಿಶೇಷ ಸಭೆಗೆ 3 ದಿನ ಮುಂಚೆ ನೋಟಿಸ್ ಕೊಡಬೇಕು, ಅದರಲ್ಲಿ ಯಾವ ಯಾವ ವಿಷಯ ಚರ್ಚೆಗೆ ಬರುತ್ತದೆ ಅಂತ ಇರಬೇಕು. ಕಾಯ್ದೆ ಇರುವುದೇ ಹಾಗೆ. ನಡೆಯುವುದು ಹೇಗೆ? ಹಿಂದಿನ ದಿನ ಸಂಜೆ ವಾಟರ್‌ಮ್ಯಾನ್ ಬೈಕಿನಲ್ಲಿ ಬಂದು, ನಿಮ್ಮ ಮನೆಯವರ ಕೈಗೆ ಚೀಟಿ ಕೊಟ್ಟು, "ಅಣ್ಣಾ, ನಾಳೆ ಅಕ್ಕನ್ನ ಕರ್ಕೊಂಡು ಬಂದ್ಬಿಡಿ" ಅಂತಾನೆ. ಅವನ ತಪ್ಪೇನಿಲ್ಲ, ಕಳಿಸಿದವರು ಹಾಗೆ ಹೇಳಿರುತ್ತಾರೆ. ಮೊದಲ ತಿಂಗಳಲ್ಲೇ ಪಿಡಿಒಗೆ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ, ಒಂದು ಪತ್ರ ಬರೆದು ಕೊಡಿ: ಸಭೆಯ ನೋಟಿಸು, ವಿಷಯಪಟ್ಟಿ ನನ್ನ ಕೈಗೇ ಬರಬೇಕು, ನನ್ನ ಫೋನ್ ನಂಬರ್ ಇದು, ನನಗೇ ಮಾಡಬೇಕು. ಎರಡು ಪ್ರತಿ ಬರೆಯಿರಿ. ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಸೀಲು ಹಾಕಿಸಿಕೊಳ್ಳುವುದನ್ನು ಅವತ್ತೇ ಅಭ್ಯಾಸ ಮಾಡಿ. ಮುಂದೆ ಎಲ್ಲದಕ್ಕೂ ಬೇಕಾಗುತ್ತದೆ.

ಮನೆಯವರ ವಿಷಯ ಹೇಗೂ ಬಂತು. ನಮ್ಮ ತಾಲ್ಲೂಕಿನಲ್ಲಿ ಹೆಂಡತಿ ಸದಸ್ಯೆಯಾದರೆ ಗಂಡನನ್ನು 'ಮೆಂಬರ್' ಅಂತ ಕರೆಯುತ್ತಾರೆ. ಟೀ ಅಂಗಡಿಯಲ್ಲಿ ಆ ಮರ್ಯಾದೆ ಸಿಗಲಿ, ಪಾಪ, ಚುನಾವಣೆಯಲ್ಲಿ ಓಡಾಡಿದ್ದು ಅವರೇ. ಆದರೆ ಹಾಲ್‌ನೊಳಗೆ ಬೇಡ. ಇದನ್ನು ಮನೆಯಲ್ಲಿ ಜಗಳ ಮಾಡಿ ಹೇಳಬೇಡಿ, ದಾಕ್ಷಾಯಿಣಿಯಮ್ಮನ ಮನೆಯ ಕಥೆ ಹೇಳಿ. ಅವರ ಯಜಮಾನರು ಆರ್. ವೇಲಾಯುಧನ್. ಮದುವೆಯಾದದ್ದು 1940ರಲ್ಲಿ, ವಾರ್ಧಾ ಹತ್ತಿರದ ಸೇವಾಗ್ರಾಮದಲ್ಲಿ, ಗಾಂಧೀಜಿ ಕಸ್ತೂರ್‌ಬಾ ಇಬ್ಬರ ಎದುರು. ಮದುವೆ ಮಾಡಿಸಿದವರು ಕುಷ್ಠರೋಗ ಬಂದಿದ್ದ ಒಬ್ಬ ಪಂಡಿತರು. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಚುನಾವಣೆಗೆ ಮುಂಚೆ ಇದ್ದ ತಾತ್ಕಾಲಿಕ ಸಂಸತ್ತಿನಲ್ಲಿ ಗಂಡ ಹೆಂಡತಿ ಇಬ್ಬರೂ ಸದಸ್ಯರು. ಅವರದು ಒಂದು ಕುರ್ಚಿ, ಇವರದು ಇನ್ನೊಂದು ಕುರ್ಚಿ. ನನ್ನ ಯಜಮಾನರಿಗೆ ಇದನ್ನು ಹೇಳಿದಾಗ "ಹಂಗಾದ್ರೆ ಮುಂದಿನ ಸಲ ನನಗೂ ಒಂದು ಸೀಟು ನೋಡು" ಅಂದರು. ಆಮೇಲೆ ಟೊಮೆಟೊ ಲೋಡ್ ಹಾಕಿಕೊಂಡು ಕೋಲಾರದ ಮಂಡಿಗೆ ಹೋದರು. ಸಭೆಗೆ ಬರಲಿಲ್ಲ.

ಬರುವ ಗಂಡಂದಿರ ವಿಷಯದಲ್ಲಿ ಒಂದು ಉಪಾಯ ಇದೆ. ಬೇರೆ ಸದಸ್ಯೆಯ ಗಂಡ ಒಳಗೆ ಕೂತಿದ್ದರೆ ಅವರಿಗೆ ಏನೂ ಅನ್ನಬೇಡಿ. ಪಿಡಿಒ ಕಡೆ ತಿರುಗಿ, "ಸಾರ್, ಹಾಜರಾತಿ ಪುಸ್ತಕದಲ್ಲಿ ಇವರ ಹೆಸರು ಬರ್ಕೊಳ್ಳಿ, ಯಾವ ವಾರ್ಡು ಅಂತಾನೂ ಬರೀರಿ" ಅನ್ನಿ. ಬರೆಯಲು ಆಗುವುದಿಲ್ಲ. ಎರಡು ನಿಮಿಷದಲ್ಲಿ ಫೋನ್ ಬಂದ ಹಾಗೆ ಮಾಡಿ ಅವರೇ ಎದ್ದು ಹೋಗುತ್ತಾರೆ.

ಎಲ್ಲಿ ಕೂರಬೇಕು? ಬೇಗ ಹೋಗಿ. ಸದಸ್ಯರೆಲ್ಲ ಬಂದ ಮೇಲೆ ಹೋದರೆ ಗೋಡೆ ಬದಿಯ ಪ್ಲಾಸ್ಟಿಕ್ ಕುರ್ಚಿಯೇ ನಿಮಗೆ. ಮೇಜಿನ ಹತ್ತಿರ, ನಡಾವಳಿ (ಸಭೆಯಲ್ಲಿ ನಡೆದದ್ದರ ದಾಖಲೆ) ಬರೆಯುವ ಕಾರ್ಯದರ್ಶಿಯ ಕೈ ಕಾಣುವ ಜಾಗದಲ್ಲಿ ಕೂತುಕೊಳ್ಳಿ. ಯಾರಾದರೂ ಬಂದು ನಿಂತು "ಆ ಕಡೆ ಸ್ವಲ್ಪ" ಅಂದರೆ ಪೆರಿಂಗೋಟ್ಟುಕರದ ಕಥೆ ನೆನಪಿಡಿ. ತ್ರಿಶೂರ್ ಕಡೆಯ ಆ ಹಳ್ಳಿಯಲ್ಲಿ ದಾಕ್ಷಾಯಿಣಿಯಮ್ಮ ಮೇಡಂ ಆಗಿದ್ದರು. ಎರಡೂ ಕಡೆ ಭತ್ತದ ಗದ್ದೆ, ನಡುವೆ ಒಬ್ಬರು ನಡೆಯುವಷ್ಟೇ ಬದು. ಎದುರಿಗೆ ಮೇಲ್ಜಾತಿಯ ಹೆಂಗಸೊಬ್ಬರು ಬಂದು, ಗದ್ದೆಗೆ ಇಳಿದು ದಾರಿ ಬಿಡು ಅಂದರು. ಇವರು ಇಳಿಯಲಿಲ್ಲ. ಹೋಗಬೇಕಾದರೆ ನೀವೇ ಇಳಿಯಿರಿ ಅಂದರು. ಕೊನೆಗೆ ಇಳಿದದ್ದು ಆ ಹೆಂಗಸೇ. ಕೂಗಾಡಲಿಲ್ಲ, ನಿಂತ ಜಾಗ ಬಿಡಲಿಲ್ಲ, ಅಷ್ಟೇ. ಕುರ್ಚಿ ವಿಷಯದಲ್ಲೂ ಹಾಗೇ. "ಇಲ್ಲೇ ಕೂತಿರ್ತೀನಣ್ಣ, ಬರ್ಕೊಳೋದೈತೆ" ಅಂದು ಪುಸ್ತಕ ತೆಗೆಯಿರಿ. ಟೀ ಬಂದಾಗ ಎಲ್ಲರಿಗೂ ಸ್ಟೀಲ್ ಲೋಟ, ನಿಮಗೆ ಮಾತ್ರ ಪೇಪರ್ ಕಪ್ಪು ಬಂದರೆ ಅದನ್ನು ಮುಟ್ಟಬೇಡಿ. ಮೇಜಿನ ಮೇಲೆ ಆರಲಿ. ಯಾಕೆ ಕುಡಿಯಲಿಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಎಲ್ಲರ ಎದುರು ಹೇಳಿ. ಮುಂದಿನ ಸಭೆಗೆ ಎಲ್ಲರಿಗೂ ಪೇಪರ್ ಕಪ್ಪೇ ಬಂದರೂ ಬರಬಹುದು. ಅದೂ ಒಂದು ಸಮಾನತೆಯೇ, ನಗಬೇಡಿ.

ಈಗ ಮಾತು. ನಿಧಾನವಾಗಿ ಓದಿ.

ಹೊಸಬರು ಮಾಡುವುದು ಏನು ಅಂದರೆ, ಐದು ವರ್ಷದ ನೋವನ್ನೆಲ್ಲ ಒಂದೇ ಸಭೆಯಲ್ಲಿ ಸುರಿಯುತ್ತಾರೆ. "ನಮ್ಮ ಕಾಲೋನಿ ಅಂದ್ರೆ ನಿಮಗೆ ಯಾವಾಗ್ಲೂ ಅಸಡ್ಡೆ, ನೀರಿಲ್ಲ, ಚರಂಡಿ ಇಲ್ಲ, ಸ್ಮಶಾನ ಇಲ್ಲ, ಲೈಟಿಲ್ಲ." ಎಲ್ಲ ನಿಜವೇ. ಆದರೆ ಇದಕ್ಕೆ ಸಭೆ ಕೊಡುವ ಉತ್ತರ ಒಂದೇ: "ಆಯ್ತು ಬಿಡಮ್ಮಾ, ನೋಡೋಣ." 'ನೋಡೋಣ' ಅನ್ನುವುದನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ದಾಕ್ಷಾಯಿಣಿಯಮ್ಮ 1947ರ ಆಗಸ್ಟ್ 28ರಂದು ಏನು ಮಾಡಿದರು ನೋಡಿ. ಸ್ವಾತಂತ್ರ್ಯ ಬಂದು ಎರಡು ವಾರ ಆಗಿಲ್ಲ. ಮೀಸಲು ಕ್ಷೇತ್ರದಲ್ಲಿ ಗೆಲ್ಲಬೇಕಾದರೆ ಅಭ್ಯರ್ಥಿಗೆ ಸ್ವಂತ ಸಮುದಾಯದ ಮತ ಇಂತಿಷ್ಟು ಪಾಲು ಬಿದ್ದಿರಲೇಬೇಕು ಅಂತ ಎಸ್. ನಾಗಪ್ಪ ಅನ್ನುವ ಸದಸ್ಯರು ತಿದ್ದುಪಡಿ ತಂದಿದ್ದರು. ನಾಗಪ್ಪನವರೂ ದಲಿತರೇ. ದಾಕ್ಷಾಯಿಣಿಯಮ್ಮ ಎದ್ದು ನಿಂತು ಅದನ್ನು ವಿರೋಧಿಸಿದರು. ಅವರ ಮಾತಿನ ತಿರುಳು ಇದು: ಪರಿಶಿಷ್ಟರು, ಹರಿಜನರು, ಯಾವ ಹೆಸರಿನಿಂದಲಾದರೂ ಕರೆಯಿರಿ, ಹೊಟ್ಟೆಪಾಡಿಗೆ ಬೇರೆಯವರ ಗುಲಾಮರಾಗಿ ಇರುವತನಕ ಪ್ರತ್ಯೇಕ ಮತಕ್ಷೇತ್ರ (ನಮ್ಮವರಷ್ಟೇ ಮತ ಹಾಕಿ ಆರಿಸುವುದು), ಜಂಟಿ ಮತಕ್ಷೇತ್ರ (ಎಲ್ಲರೂ ಸೇರಿ ಆರಿಸುವುದು), ಇಷ್ಟು ಪರ್ಸೆಂಟು ಅನ್ನುವ ಯಾವ ಬೇಡಿಕೆಗೂ ಅರ್ಥವಿಲ್ಲ. ಇದನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನಾನು ಪೂರ್ತಿ ಒಪ್ಪಲ್ಲ. ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಟ್ಟ ಪುಣೆ ಒಪ್ಪಂದದಿಂದ ನಾವು ಏನು ಕಳೆದುಕೊಂಡೆವು ಅಂತ ನಮ್ಮ ಸಂಘಟನೆಯ ಅಣ್ಣಂದಿರ ಬಾಯಲ್ಲಿ ಕೇಳಿ ಬೆಳೆದವಳು ನಾನು. ಆದರೆ ಮಾತು ಕಟ್ಟಿದ ರೀತಿ ಗಮನಿಸಿ. ಸಭೆಯ ಮುಂದಿರುವ ವಿಷಯ ಒಂದೇ. ಅದನ್ನು ಬಿಟ್ಟು ಅತ್ತಿತ್ತ ಹೋಗಲಿಲ್ಲ. ಆ ವಿಷಯದ ಬೇರು ಎಲ್ಲಿದೆ ಅಂತ ಒಂದೇ ವಾಕ್ಯದಲ್ಲಿ ಹೇಳಿದರು. ಬೇರು ಅಂದರೆ ಜಮೀನು, ಕೂಲಿ, ಸಾಲ. ಆಮೇಲೆ ತಾನು ಯಾವ ಕಡೆ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳಿದರು.

ನಮ್ಮ ಕಾಲೋನಿಯ ನೀರಿಗೆ ಇದನ್ನು ಹಾಕಿ ನೋಡೋಣ. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ 1,200 ಅಡಿ, 1,500 ಅಡಿ ಇಳಿದರೂ ನೀರು ಸಿಕ್ಕರೆ ಪುಣ್ಯ. ಸಿಕ್ಕಿದ ನೀರಲ್ಲಿ ಫ್ಲೋರೈಡು. ಕುಡಿಯುವ ನೀರಿನ ಘಟಕದಲ್ಲಿ 5 ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಹಿಡಿಯುತ್ತೇವೆ. ಆ ಘಟಕ ಇರುವುದು ಊರಿನ ದೇವಸ್ಥಾನದ ಪಕ್ಕ. ಕಾಲೋನಿಯ ಹೆಂಗಸರು ಅಲ್ಲಿ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಾರೆ. ಕಾಯಿನ್ ಯಂತ್ರಕ್ಕೆ ಜಾತಿ ಗೊತ್ತಾಗದಿದ್ದರೂ ಸಾಲಿಗೆ ಗೊತ್ತಾಗುತ್ತದೆ. "ನಮಗೆ ನೀರಿಲ್ಲ" ಅಂದರೆ "ಘಟಕ ಐತಲ್ಲ" ಅನ್ನುತ್ತಾರೆ. ಅದಕ್ಕೆ ಸಭೆಗೆ ಮುಂಚೆ ಬೆಳಿಗ್ಗೆ ಹೋಗಿ ಎಣಿಸಿ. ಕಾಲೋನಿಯಲ್ಲಿ ಮನೆ ಎಷ್ಟು, ಬೀದಿ ನಲ್ಲಿ ಎಷ್ಟು, ಅದರಲ್ಲಿ ಕೆಟ್ಟಿದ್ದೆಷ್ಟು, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬಿಡುತ್ತಾರೆ. ಮೇಲಿನ ಬೀದಿಯಲ್ಲಿ ಇದೇ ಲೆಕ್ಕ ಎಷ್ಟು. ಓವರ್‌ಹೆಡ್ ಟ್ಯಾಂಕಿನಿಂದ ಕಾಲೋನಿಗೆ ಬರುವ ಪೈಪಿನ ವಾಲ್ವ್ ತಿರುಗಿಸುವವರು ಯಾರು, ಯಾರ ಮಾತು ಕೇಳಿ ತಿರುಗಿಸುತ್ತಾರೆ. ಬೇರು ಅಲ್ಲಿದೆ, ವಾಲ್ವ್‌ನಲ್ಲಿ. ಇನ್ನೊಂದು ಸಿಸ್ಟರ್ನ್ ಕೇಳಿದರೆ ಕೊಟ್ಟಾರು, ಅದೂ ಒಣಗಿ ನಿಲ್ಲುತ್ತದೆ.

ಎಣಿಸಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದುಕೊಳ್ಳಿ. ಮೊದಲ ಸಾಲು, ವಿಷಯಪಟ್ಟಿಯ ಯಾವ ನಂಬರಿನ ಮೇಲೆ ಮಾತಾಡುತ್ತಿದ್ದೀರಿ. ಎರಡನೆಯದು ಲೆಕ್ಕ. ಮೂರನೆಯದು ಕಾರಣ. ನಾಲ್ಕನೆಯದು ಏನು ಠರಾವು ಆಗಬೇಕು ಅನ್ನುವುದು, ಯಾರು ಮಾಡಬೇಕು, ಯಾವ ತಾರೀಖಿನೊಳಗೆ. ಉದಾಹರಣೆಗೆ: "ಕಾಲೋನಿ ಮತ್ತು ಮೇಲಿನ ಬೀದಿಗೆ ದಿನ ಬಿಟ್ಟು ದಿನ ಸಮನಾಗಿ ನೀರು ಬಿಡಬೇಕು, ಸಮಯದ ಪಟ್ಟಿಯನ್ನು ಕಚೇರಿ ಗೋಡೆಗೆ ಅಂಟಿಸಬೇಕು ಅಂತ ತೀರ್ಮಾನ ಮಾಡಿ." ನಾಲ್ಕನೆಯ ಸಾಲು ಇಲ್ಲದಿದ್ದರೆ ಎದ್ದು ನಿಲ್ಲಲೇಬೇಡಿ. ಗಂಡಸರ ಭಾಷಣ ಎಷ್ಟೋ ಸಲ ಈ ನಾಲ್ಕನೆಯದು ಇಲ್ಲದೆಯೇ ಮುಗಿಯುತ್ತದೆ. ಅವರಿಗೆ ಅದು ನಡೆಯುತ್ತದೆ, ಆಮೇಲೆ ಹೊರಗೆ ಹೋಗಿ ಕಂಟ್ರಾಕ್ಟರ್ ಜೊತೆ ಮಾತಾಡಿಕೊಳ್ಳುತ್ತಾರೆ. ನಮಗೆ ಆ 'ಹೊರಗೆ' ಇಲ್ಲ.

ವಿಷಯಪಟ್ಟಿಯಲ್ಲಿ ನಿಮ್ಮ ವಿಷಯ ಇಲ್ಲದಿದ್ದರೆ? ಸಭೆಗೆ ಮುಂಚೆಯೇ ಬರೆದು ಕೊಟ್ಟು ಸೇರಿಸಿ. ಸೇರಿಸದಿದ್ದರೆ ಸೀಲು ಹಾಕಿಸಿದ ಪ್ರತಿ ನಿಮ್ಮ ಹತ್ತಿರ ಇರುತ್ತದಲ್ಲ. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ' ಅಂತ ಕೊನೆಗೆ ಒಂದು ಸಾಲು ಬಹುತೇಕ ಕಡೆ ಹಾಕಿರುತ್ತಾರೆ, ಆದರೆ ಅದು ಬರುವ ಹೊತ್ತಿಗೆ ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ.

ಮಾತಾಡುವಾಗ ತಡೆಯುತ್ತಾರೆ. ಕೆಲವರು ಬೈದು ತಡೆಯುತ್ತಾರೆ, ಹೆಚ್ಚಿನವರು ನಯವಾಗಿ ತಡೆಯುತ್ತಾರೆ. ನಯದ್ದೇ ಕಷ್ಟ. ಸಂವಿಧಾನ ಸಭೆಯಲ್ಲಿ ಒಮ್ಮೆ ದಾಕ್ಷಾಯಿಣಿಯಮ್ಮ ಮಾತಾಡುತ್ತಿದ್ದಾಗ ಪೀಠದಲ್ಲಿದ್ದ ಉಪಾಧ್ಯಕ್ಷ ಎಚ್.ಸಿ. ಮುಖರ್ಜಿಯವರು, ನಿಮ್ಮ ಸಮಯ ಮೀರಿದೆ, ನೀವು ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಬಿಟ್ಟಿದ್ದೇನೆ ಅನ್ನುವ ಅರ್ಥದಲ್ಲಿ ಹೇಳಿದರಂತೆ. ನಮ್ಮ ಹಾಲ್‌ನಲ್ಲಿ ಇದೇ ಮಾತು "ಪಾಪ, ಹೆಣ್ಮಗಳು, ಮಾತಾಡ್ಲಿ ಬಿಡ್ರಪ್ಪಾ" ಅಂತ ಬರುತ್ತದೆ. ಕೇಳಲು ಸಹಾಯದ ಹಾಗಿದೆ. ಅದರ ಮೇಲೆ ಜಗಳಕ್ಕೆ ಹೋದರೆ ನಿಮ್ಮ ನಾಲ್ಕು ಸಾಲು ಹೋಯಿತು. ಆ ಹೊತ್ತನ್ನು ತೆಗೆದುಕೊಳ್ಳಿ, ಮಾತು ಮುಗಿಸಿ. ಮರ್ಯಾದೆಯ ಲೆಕ್ಕವನ್ನು ಬೇರೆ ದಿನ ಚುಕ್ತಾ ಮಾಡಬಹುದು. ಬೈದು ತಡೆದರೆ ಮಾತ್ರ ಅಧ್ಯಕ್ಷರ ಕಡೆ ತಿರುಗಿ, "ಅಧ್ಯಕ್ಷರೇ, ನನ್ನ ಮಾತು ಮುಗಿದಿಲ್ಲ" ಅನ್ನಿ, ಮತ್ತೆ ನಿಂತ ಸಾಲಿನಿಂದಲೇ ಓದಿ. ಬೈದವರ ಮುಖ ನೋಡಬೇಡಿ. ಜಾತಿ ಹೆಸರು ಹಿಡಿದು ಬೈದರೆ ಅದು ಬೇರೆ ವಿಷಯ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆಗ ಸಭೆ ಬಿಟ್ಟು ಅಳುತ್ತಾ ಹೊರಗೆ ಬರಬೇಡಿ. ಏನಂದರು, ಯಾರ ಎದುರು ಅಂದರು ಅಂತ ಅಲ್ಲೇ ಬರೆದುಕೊಂಡು, ಅದನ್ನು ನಡಾವಳಿಗೆ ಸೇರಿಸಲು ಕೇಳಿ. ಆಮೇಲೆ ಠಾಣೆ.

ಕಷ್ಟದ ಪಾಠ ಇನ್ನೊಂದಿದೆ. ನಮ್ಮವರನ್ನೇ ವಿರೋಧಿಸುವುದು. ದಾಕ್ಷಾಯಿಣಿಯಮ್ಮ ಕಾಂಗ್ರೆಸ್‌ನಿಂದ ಆರಿಸಿ ಬಂದವರು, ಗಾಂಧಿ ಎದುರು ಮದುವೆಯಾದವರು. ಬಾಬಾಸಾಹೇಬರು ಸಂವಿಧಾನದ ಕರಡು ಮಂಡಿಸಿದ್ದು 1948ರ ನವೆಂಬರ್ 4ರಂದು. ನಾಲ್ಕೇ ದಿನಕ್ಕೆ, ನವೆಂಬರ್ 8ರಂದು, ಈಕೆ ಎದ್ದು ಕರಡಿನಲ್ಲಿ ತತ್ವವೇ ಇಲ್ಲ ಅನ್ನುವ ಮಟ್ಟಕ್ಕೆ ಟೀಕೆ ಮಾಡಿದರು. ವಿಕೇಂದ್ರೀಕರಣ ಇಲ್ಲ, ರಾಜ್ಯಪಾಲರನ್ನು ದೆಹಲಿಯಿಂದ ಕೂರಿಸುವುದು ಸರಿಯಲ್ಲ, ಈ ಸಂವಿಧಾನವನ್ನು ಚುನಾವಣೆ ಮೂಲಕ ಜನರ ಮುಂದಿಡಬೇಕು ಅಂದರು. ಅಧಿಕಾರ ಕೆಳಗೆ ಇಳಿಯಬೇಕು ಅಂತ ಅವರು ಕೇಳಿದ್ದು 1948ರಲ್ಲಿ, ಪಂಚಾಯ್ತಿಗಳಿಗೆ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು 1993ರಲ್ಲಿ. ನಮ್ಮ ರಾಜ್ಯ ಹೆಂಗಸರಿಗೆ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ 25 ಪರ್ಸೆಂಟು ಕೊಟ್ಟಿತ್ತು, ಈಗ ಅರ್ಧ. ನೀವು ಕೂತಿರುವ ಕುರ್ಚಿಗೆ ಇಷ್ಟು ಹಿಂದಿನ ಕಥೆ ಇದೆ.

ನಮ್ಮವರನ್ನು ಯಾವಾಗ ವಿರೋಧಿಸಬೇಕಾಗುತ್ತದೆ? ಸಾಮಾಜಿಕ ನ್ಯಾಯ ಸಮಿತಿಯಲ್ಲಿ. ಪರಿಶಿಷ್ಟರಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಏನು ಮಾಡಬೇಕು ಅಂತ ಬಂದಾಗ ನಮ್ಮದೇ ಕಡೆಯ ಹಿರಿಯ ಸದಸ್ಯರು ಕಾಲೋನಿಯ ಬಾಗಿಲಲ್ಲಿ ಸ್ವಾಗತ ಕಮಾನು ಅನ್ನುತ್ತಾರೆ. ಕಂಟ್ರಾಕ್ಟರ್ ಅವರ ಭಾವಮೈದುನನೇ ಆಗಿರುತ್ತಾನೆ. ನಿಮಗೆ ಬೇಕಾದದ್ದು ಸ್ಮಶಾನಕ್ಕೆ ದಾರಿ. ಹೆಣ ಹೊತ್ತವರು ಇನ್ನೊಬ್ಬರ ರಾಗಿ ಹೊಲದ ಬದುವಿನಲ್ಲಿ ಬೈಸಿಕೊಂಡು ಹೋಗುತ್ತಿರುವಾಗ ಕಮಾನು ಯಾಕೆ? ಹಿಂದಿನ ದಿನವೇ ಅವರ ಮನೆಗೆ ಹೋಗಿ ಹೇಳಿ: "ಚಿಕ್ಕಪ್ಪಾ, ನಾಳೆ ನಾನು ಇದಕ್ಕೆ ಬೇಡ ಅಂತೀನಿ, ಬೇಜಾರು ಮಾಡ್ಕೋಬೇಡ." ಬೇಜಾರು ಮಾಡಿಕೊಂಡೇ ಮಾಡಿಕೊಳ್ಳುತ್ತಾರೆ. ಆದರೆ ಬೆನ್ನ ಹಿಂದೆ ಮಾಡಿದಳು ಅನ್ನುವ ಹಾಗಿಲ್ಲ. ಊರವರೆದುರು ಕೇರಿಯ ಒಗ್ಗಟ್ಟು ಮುರಿದೆ ಅಂತಲೂ ಅನ್ನುತ್ತಾರೆ. ಕಂಬಾಲಪಲ್ಲಿ ನಮಗೆ ದೂರ ಅಲ್ಲ. 2000ದ ಮಾರ್ಚಿನಲ್ಲಿ ಅಲ್ಲಿ ಏಳು ಜನ ದಲಿತರನ್ನು ಸುಟ್ಟರು. ಒಗ್ಗಟ್ಟು ಯಾಕೆ ಬೇಕು ಅಂತ ಈ ಸೀಮೆಯ ಯಾವ ಕೇರಿಗೂ ಹೇಳಿಕೊಡಬೇಕಾಗಿಲ್ಲ. ಕಮಾನಿನ ವಿಷಯಕ್ಕೆ ಆ ಒಗ್ಗಟ್ಟನ್ನು ಅಡ್ಡ ತರುವವರಿಗೆ ಮಾತ್ರ ಉತ್ತರ ಕೊಡಿ.

ಇನ್ನು ನಡಾವಳಿ ಪುಸ್ತಕ. ಮಿಕ್ಕಿದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಸಭೆ ಮುಗಿದ ಕೂಡಲೇ ನಡಾವಳಿ ಬರೆದು, ಓದಿ, ಅಧ್ಯಕ್ಷರು ಸಹಿ ಹಾಕಬೇಕು. ಎಷ್ಟೋ ಕಡೆ ಆಗುವುದು ಬೇರೆ. ಹಾಜರಾತಿಗೆ ಅಂತ ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ, ಮೇಲೆ ಖಾಲಿ ಜಾಗ. ವಾರ ಕಳೆದ ಮೇಲೆ ಆ ಖಾಲಿ ಜಾಗದಲ್ಲಿ ನೀವು ಕೇಳಿಯೇ ಇರದ ಕಾಮಗಾರಿ, ಬಿಲ್ಲು ಎಲ್ಲ 'ಸರ್ವಾನುಮತದಿಂದ' ಪಾಸಾಗಿರುತ್ತದೆ. ಆ ಸರ್ವರಲ್ಲಿ ನೀವೂ ಒಬ್ಬರು. ಅದಕ್ಕೆ ಸಹಿ ಹಾಕುವಾಗ ಹೀಗೆ ಮಾಡಿ. ಹಿಂದಿನ ಬರಹ ಎಲ್ಲಿ ಮುಗಿದಿದೆ ನೋಡಿ. ಅದಕ್ಕೂ ನಿಮ್ಮ ಹೆಸರಿಗೂ ನಡುವೆ ಜಾಗ ಇದ್ದರೆ ಅಡ್ಡಗೆರೆ ಎಳೆಯಲು ಹೇಳಿ. ಎಳೆಯದಿದ್ದರೆ ಸಹಿಯ ಪಕ್ಕ 'ಹಾಜರಾತಿಗೆ ಮಾತ್ರ' ಅಂತ ಬರೆದು, ತಾರೀಖು, ಗಂಟೆ ಹಾಕಿ. ಬಿಲ್ ಕಲೆಕ್ಟರ್ ಪುಸ್ತಕವನ್ನು ಮನೆಗೆ ತಂದು, "ಅಕ್ಕಾ, ಇಲ್ಲೊಂದು ಸೈನು" ಅಂದರೆ ಕಾಫಿ ಕೊಟ್ಟು ಕಳಿಸಿ. ಸೈನು ಕಚೇರಿಯಲ್ಲಿ.

ಒಂದು ವಿಷಯವನ್ನು ನೀವು ಒಪ್ಪದಿದ್ದರೆ ಬಾಯಲ್ಲಿ ಬೇಡ ಅಂದರೆ ಸಾಲದು. "ನನ್ನ ವಿರೋಧವನ್ನು ಹೆಸರು ಸಹಿತ ನಡಾವಳಿಯಲ್ಲಿ ಬರೆಯಿರಿ" ಅನ್ನಿ. ಬರೆಯುವತನಕ ಕೂರಬೇಡಿ. ಮನೆಗೆ ಬಂದು ಅದೇ ದಿನ ಪಿಡಿಒಗೆ ಒಂದು ಪತ್ರ: ಇಂಥ ದಿನದ ಸಭೆಯ ಇಂಥ ನಂಬರಿನ ವಿಷಯಕ್ಕೆ ನಾನು ವಿರೋಧ ಹೇಳಿದ್ದೇನೆ, ಕಾರಣ ಇದು. ಮತ್ತೆ ಎರಡು ಪ್ರತಿ, ಮತ್ತೆ ಸೀಲು. ಮುಂದೆ ಆಡಿಟ್ ಬಂದಾಗ, ಬಿಲ್ಲಿನ ಮೇಲೆ ದೂರು ಎದ್ದಾಗ ಆ ಕಾಗದವೇ ನಿಮ್ಮ ಸಾಕ್ಷಿ.

ನಡಾವಳಿಯ ನಕಲು ಕೇಳಿದಾಗ "ಜೆರಾಕ್ಸ್ ಮಿಷಿನ್ ಕೆಟ್ಟೈತೆ" ಅನ್ನುತ್ತಾರೆ. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳುತ್ತೇನೆ ಅನ್ನಿ. ಅದಕ್ಕೂ ಬೇಡ ಅಂದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಸದಸ್ಯೆಯಾಗಿದ್ದುಕೊಂಡು ಆರ್‌ಟಿಐ ಹಾಕುವುದೇನು ಅವಮಾನ ಅಂತ ಒಬ್ಬಳು ಕೇಳಿದಳು. ಅವಮಾನ ಆಗಬೇಕಾದದ್ದು ನಕಲು ಕೊಡದವರಿಗೆ, ಕೇಳಿದವರಿಗಲ್ಲ.

ಗ್ರಾಮ ಸಭೆ, ವಾರ್ಡ್ ಸಭೆ ವಿಷಯ ಹೆಚ್ಚು ಹೇಳುವುದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ಕಾಲೋನಿಯ ಹೆಂಗಸರನ್ನು ಕೂಲಿಗೆ ಹೋಗುವ ಮುಂಚಿನ ಹೊತ್ತಿಗೆ ಸೇರಿಸಿ. ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಬರುವವರು ಜಮೀನು ಇರುವವರೇ.

ಒಂದು ವಿಷಯ ಮಾತ್ರ ಗ್ರಾಮ ಸಭೆಯಲ್ಲೇ ತರಬೇಕು ಅಂತ ನನ್ನ ಅಭಿಪ್ರಾಯ. ಹೋಟೆಲಿನ ಲೋಟ, ಕಟಿಂಗ್ ಶಾಪು, ದೇವಸ್ಥಾನದ ಮೆಟ್ಟಿಲು. ಅಸ್ಪೃಶ್ಯತೆ ನಿಷೇಧದ ಕಲಮು, ಈಗ ನಾವು 17ನೇ ಅನುಚ್ಛೇದ ಅನ್ನುವುದು, ಕರಡಿನಲ್ಲಿ 11ನೆಯದಾಗಿತ್ತು. ಅದು ಸಭೆಯ ಮುಂದೆ ಬಂದದ್ದು 1948ರ ನವೆಂಬರ್ 29ರಂದು. ದಾಕ್ಷಾಯಿಣಿಯಮ್ಮ ಅದನ್ನು ಬೆಂಬಲಿಸಿದರು, ಜೊತೆಗೆ ಇನ್ನೊಂದು ಹೇಳಿದರು: ಸಂವಿಧಾನ ನಡೆಯುವುದು ಕಾನೂನನ್ನು ಜಾರಿ ಮಾಡುವುದರಿಂದಲ್ಲ, ಜನ ಮುಂದೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರ ಮೇಲೆ. ಜಾತಿ ಭೇದವನ್ನು ಸಭೆಯೇ ಬಹಿರಂಗವಾಗಿ ಖಂಡಿಸಬೇಕಿತ್ತು ಅನ್ನುವ ಆಸೆಯೂ ಅವರಿಗಿತ್ತು. ಕಾನೂನಿನ ಬಗ್ಗೆ ಅವರಷ್ಟು ಉದಾಸೀನ ನನಗಿಲ್ಲ. ಕೇಸಿಗೆ ಹೆದರುವವರನ್ನು ಕಂಡಿದ್ದೇನೆ. ಆದರೆ ಬಹಿರಂಗವಾಗಿ ಹೇಳಿಸುವುದಿದೆಯಲ್ಲ, ಅದರ ಬೆಲೆ ಗೊತ್ತು. "ಈ ಪಂಚಾಯ್ತಿ ವ್ಯಾಪ್ತಿಯ ಯಾವ ಅಂಗಡಿ, ಹೋಟೆಲು, ದೇವಸ್ಥಾನದಲ್ಲೂ ಭೇದ ಮಾಡಬಾರದು" ಅಂತ ಗ್ರಾಮ ಸಭೆಯಲ್ಲಿ ಠರಾವು ಓದಿಸಿ. ಓದುವುದು ನೀವಾಗಬಾರದು. ಊರಿನ ಗೌಡರೋ ರೆಡ್ಡಿಯವರೋ ಓದಲಿ. ಬೇಡ ಅಂತ ಮೈಕಿನಲ್ಲಿ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹೇಳಿದ ಮೇಲೆ ಅವರದೇ ಹೋಟೆಲಿಗೆ ಮಾರನೇ ದಿನ ನಾಲ್ಕು ಜನ ಹೋಗಿ ಕಾಫಿ ಕೇಳಿ.

ಮತ್ತೆ ಗೆಲ್ಲದಿದ್ದರೆ? ರೊಟೇಶನ್‌ನಲ್ಲಿ ಸೀಟು ಬದಲಾಗುತ್ತದೆ, ಸಾಮಾನ್ಯ ಸೀಟಿನಲ್ಲಿ ನಮ್ಮನ್ನು ಯಾರು ನಿಲ್ಲಿಸುತ್ತಾರೆ. ದಾಕ್ಷಾಯಿಣಿಯಮ್ಮ 1971ರಲ್ಲಿ ಅಡೂರ್‌ನಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತರು. ಆಮೇಲೆ 1977ರಲ್ಲಿ ದೆಹಲಿಯಲ್ಲಿ ಮಹಿಳಾ ಜಾಗೃತಿ ಪರಿಷತ್ ಅಂತ ಹೆಂಗಸರ ಸಂಘ ಕಟ್ಟಿದರು. ಮಾರನೇ ವರ್ಷ ತೀರಿಕೊಂಡರು. ನೀವು ಸೋತರೆ ಸೀಲು ಹಾಕಿಸಿದ ಪ್ರತಿಗಳ ಫೈಲನ್ನು ಬಿಸಾಡಬೇಡಿ, ಮುಂದಿನ ಸದಸ್ಯೆ ಯಾವ ಪಕ್ಷದ ಬೆಂಬಲದವಳಾದರೂ ಅವಳ ಕೈಗೆ ಕೊಡಿ.

ದಾಕ್ಷಾಯಿಣಿಯಮ್ಮನ ಮಾತುಗಳನ್ನು ನೀವೇ ಓದಬೇಕು ಅಂದರೆ ಸಂವಿಧಾನ ಸಭೆಯ ಚರ್ಚೆಗಳು ಸಂಸತ್ತಿನ ವೆಬ್‌ಸೈಟಿನಲ್ಲಿ ತಾರೀಖಿನ ಪ್ರಕಾರ ಸಿಗುತ್ತವೆ. ಇಂಗ್ಲಿಷಿನಲ್ಲಿವೆ. ಕಾಲೋನಿಯಲ್ಲಿ ಡಿಗ್ರಿ ಓದುವ ಹುಡುಗಿ ಯಾರಾದರೂ ಇದ್ದೇ ಇರುತ್ತಾಳೆ, ಅವಳನ್ನು ಕೂರಿಸಿಕೊಂಡು ಓದಿಸಿ, ಅರ್ಥ ಹೇಳಿಸಿ. 1946ರ ಡಿಸೆಂಬರ್ 19ರದ್ದನ್ನು ಮೊದಲು ಓದಿ, ಅದು ಅವರು ಆ ಸಭೆಗೆ ಬಂದ ಹೊಸತರಲ್ಲಿ ಆಡಿದ್ದು. ಸಂವಿಧಾನ ಸಭೆ ಸಂವಿಧಾನ ಬರೆದರೆ ಸಾಲದು, ಜನರಿಗೆ ಬದುಕಿನ ಹೊಸ ಚೌಕಟ್ಟು ಕೊಡಬೇಕು ಅಂದದ್ದು ಅಲ್ಲೇ. ಆಮೇಲೆ 1947ರ ಆಗಸ್ಟ್ 28, ಆಮೇಲೆ 1948ರ ನವೆಂಬರ್ 29. ನವೆಂಬರ್ 8ರದ್ದು ಕೊನೆಗಿರಲಿ. ಅದರಲ್ಲಿ ರಾಜ್ಯಪಾಲರು, ಕೇಂದ್ರ ಅಂತ ದೊಡ್ಡ ವಿಷಯ ಇದೆ, ಕರಡು ಏನು ಅಂತ ಸ್ವಲ್ಪ ತಿಳಿದುಕೊಂಡು ಓದಿದರೆ ರುಚಿ ಹತ್ತುತ್ತದೆ.